ಹಳೆಯ ಐಡಿಇ ಡಿಸ್ಕಿನಲ್ಲಿ ನೆಟ್‌ಬಿಎಸ್‌ಡಿ ಕೂರದಿದ್ದರೆ ಎಲ್ಲಿ ಹುಡುಕಬೇಕು

ಅಟ್ಟದಿಂದ ಇಳಿಸಿದ ಪೆಂಟಿಯಂ 3 ಯಂತ್ರಕ್ಕೆ ಇವತ್ತು ಹಾಕಬಹುದಾದ ಯುನಿಕ್ಸ್ ಜಾತಿಯ ವ್ಯವಸ್ಥೆಗಳು ವರ್ಷವರ್ಷಕ್ಕೂ ಕಮ್ಮಿಯಾಗುತ್ತಿವೆ. ಫೆಡೋರಾ 2019ರಲ್ಲೇ 32 ಬಿಟ್ ಪಿಸಿಗಳನ್ನು ಕೈಬಿಟ್ಟಿತು. 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರ್ ಇಲ್ಲ, ಫ್ರೀಬಿಎಸ್‌ಡಿ 15ಕ್ಕೂ ಇಲ್ಲ. ನೆಟ್‌ಬಿಎಸ್‌ಡಿ ಮತ್ತು ಓಪನ್‌ಬಿಎಸ್‌ಡಿ ಇನ್ನೂ ಜತೆಗಿವೆ. ಇಲ್ಲಿ ಹೇಳುವುದೆಲ್ಲ ನೆಟ್‌ಬಿಎಸ್‌ಡಿ 10ರ ಐ386, ಅಂದರೆ 32 ಬಿಟ್ ಪಿಸಿಯ, ಆವೃತ್ತಿಗೆ ಸಂಬಂಧಿಸಿದ್ದು. ಓಪನ್‌ಬಿಎಸ್‌ಡಿಯಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳಿದೆ. ಆಜ್ಞೆಗಳು ಮತ್ತು ಪರದೆಯ ಸಂದೇಶಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಆಜ್ಞೆ ಒತ್ತುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಶುರುವಿಗೇ ಒಂದು ಮಾತು ತಲೆಯಲ್ಲಿರಲಿ. ಬಯಾಸ್ (ಬೋರ್ಡಿನಲ್ಲೇ ಕೂತು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಡಿಸ್ಕನ್ನು ಮುಟ್ಟುವುದು ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಮೆಮೊರಿಗೆ ಏರುವ ತನಕ ಮಾತ್ರ. ಆಮೇಲೆ ಕರ್ನಲ್ಲೇ ಐಡಿಇ (ಸಾಟಾಗೆ ಮುಂಚಿನ, ಅಗಲ ರಿಬ್ಬನ್ ಕೇಬಲ್ಲಿನ ಡಿಸ್ಕು ಜೋಡಣೆ) ಕಂಟ್ರೋಲರ್ ಜತೆ ನೇರ ವ್ಯವಹರಿಸುತ್ತದೆ, ಬಯಾಸ್ ಹೇಳಿದ ಗಾತ್ರವನ್ನು ಅದು ಕೇಳುವುದಿಲ್ಲ. ಇನ್‌ಸ್ಟಾಲ್ ಚೆನ್ನಾಗಿ ಮುಗಿದ ಡಿಸ್ಕು ಬೂಟ್ ಆಗದಿರುವುದು, ಬಯಾಸ್‌ನಲ್ಲಿ ಚಂದ ಕಾಣುವ ಡಿಸ್ಕು ಇನ್‌ಸ್ಟಾಲ್ ಮಧ್ಯದಲ್ಲಿ ಒದ್ದಾಡುವುದು, ಎರಡಕ್ಕೂ ಕಾರಣ ಇದೇ. ತೊಂದರೆ ಬಂದಾಗ ‘ಈಗ ಡಿಸ್ಕು ಯಾರ ಕೈಯಲ್ಲಿದೆ’ ಎಂದು ಕೇಳಿಕೊಂಡರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಕೇಳಿಕೊಳ್ಳದೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರೇ ಹೆಚ್ಚು, ಮೂರನೇ ಸಲವೂ ಅದೇ ಕಡೆ ನಿಲ್ಲುತ್ತದೆ.

ಕೇಬಲ್ಲು, ಜಂಪರು, ಕರೆಂಟು

ಡಿಸ್ಕಿಗೆ ಬಯ್ಯುವ ಮೊದಲು ಕೇಬಲ್ಲು ನೋಡಿ. ಐಡಿಇ ರಿಬ್ಬನ್ ಕೇಬಲ್ಲಿನಲ್ಲಿ ಎರಡು ಬಗೆ, 40 ತಂತಿಯದು ಮತ್ತು 80 ತಂತಿಯದು. ಕನೆಕ್ಟರ್ ಎರಡರಲ್ಲೂ 40 ಪಿನ್ನಿನದೇ, ಹಾಗಾಗಿ ಎರಡೂ ಎಲ್ಲ ಕಡೆ ಕೂರುತ್ತವೆ. 80 ತಂತಿಯ ರಿಬ್ಬನ್ನಿನ ಗೆರೆಗಳು ತುಂಬ ಸಣ್ಣ, ಬೆರಳಿಟ್ಟರೆ ನುಣುಪು. ಡಿಎಂಎ ಎಂದರೆ ಪ್ರೊಸೆಸರ್ ಹೊರದೆಯೇ ಡಿಸ್ಕು ಮತ್ತು ಮೆಮೊರಿ ನಡುವೆ ಮಾಹಿತಿ ಸಾಗುವುದು. ಅಲ್ಟ್ರಾ ಡಿಎಂಎ ಮೋಡ್ 2, ಅಂದರೆ ಸೆಕೆಂಡಿಗೆ 33 ಎಂಬಿ, ದಾಟಿದ ವೇಗಕ್ಕೆ 80 ತಂತಿ ಬೇಕೇಬೇಕು. ನಡುವಿನ 40 ಹೆಚ್ಚುವರಿ ತಂತಿಗಳು ನೆಲದ ತಂತಿಗಳು, ಒಂದು ಸಂಕೇತ ಪಕ್ಕದ ಸಂಕೇತಕ್ಕೆ ಸೋರದಂತೆ ತಡೆಯುತ್ತವೆ. ಬಣ್ಣಗಳಿಗೂ ಅರ್ಥ ಇದೆ: ನೀಲಿ ಮದರ್‌ಬೋರ್ಡಿಗೆ, ತುದಿಯ ಕಪ್ಪು ಮಾಸ್ಟರ್‌ಗೆ (ಕೇಬಲ್ಲಿನ ಮೊದಲ ಸಾಧನ), ನಡುವಿನ ಬೂದು ಸ್ಲೇವ್‌ಗೆ (ಎರಡನೆಯದು). ತಿರುಗಿಸಿ ಹಾಕಿದರೂ ಕೆಲವೊಮ್ಮೆ ಓಡುತ್ತದೆ, ಆದರೆ ಬೋರ್ಡು 80 ತಂತಿಯನ್ನು ಗುರುತಿಸುವ ಏರ್ಪಾಡು ನೀಲಿ ತುದಿಯಲ್ಲಿದೆ, ತಿರುಗಿಸಿದರೆ ಆ ಗುರುತು ತಪ್ಪುತ್ತದೆ. ಒಂದೇ ಡಿಸ್ಕಿದ್ದರೆ ಯಾವಾಗಲೂ ತುದಿಯ ಕಪ್ಪು ಕನೆಕ್ಟರಿಗೇ ಹಾಕಿ. ನಡುವಿನದಕ್ಕೆ ಹಾಕಿ ತುದಿಯನ್ನು ನೇತಾಡಲು ಬಿಟ್ಟರೆ ಸಂಕೇತ ಆ ತುದಿಗೆ ಬಡಿದು ವಾಪಸು ಬರುತ್ತದೆ, ದೋಷ ಹುಟ್ಟುವುದು ಅಲ್ಲಿ. ಕೇಬಲ್ಲಿನ ಉದ್ದ 18 ಇಂಚು, ಅಂದರೆ 45 ಸೆಂಟಿಮೀಟರ್ ಮೀರಬಾರದು. ಅಂದಕ್ಕೆಂದು ಕೊಳವೆಯಂತೆ ಸುತ್ತಿ ಮಾರುತ್ತಿದ್ದ ಉದ್ದ ಕೇಬಲ್ಲುಗಳನ್ನು ಬಳಸದಿರುವುದೇ ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವಾಗ ಮಡಿಕೆ ಬಿದ್ದಿಲ್ಲದ, ಕನೆಕ್ಟರಿನ ಬೆನ್ನು ಬಿಟ್ಟಿಲ್ಲದ ಎರಡು ಕೇಬಲ್ಲು ತನ್ನಿ. ಒಂದೇ ತಂದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಜಂಪರ್ (ಡಿಸ್ಕಿನ ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಟೋಪಿ) ವಿಷಯದಲ್ಲಿ ಡಿಸ್ಕಿನ ಮೇಲಿನ ಚೀಟಿಯೇ ಪ್ರಮಾಣ. ಹಳೆಯ ವೆಸ್ಟರ್ನ್ ಡಿಜಿಟಲ್ ಡಿಸ್ಕುಗಳಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ: ಅವುಗಳಲ್ಲಿ ‘ಒಂಟಿ ಡಿಸ್ಕು’ ಮತ್ತು ‘ಸ್ಲೇವ್ ಜತೆಗಿರುವ ಮಾಸ್ಟರ್’ ಬೇರೆ ಬೇರೆ. ಒಂಟಿಯಾಗಿದ್ದರೆ ಜಂಪರ್ ತೆಗೆದುಬಿಡಬೇಕು. ಮಾಸ್ಟರ್ ಜಾಗದಲ್ಲೇ ಬಿಟ್ಟರೆ ಇಲ್ಲದ ಸ್ಲೇವ್‌ಗಾಗಿ ಡಿಸ್ಕು ಕಾಯುತ್ತದೆ, ಬಯಾಸ್ ಬಹಳ ಹೊತ್ತು ನಿಲ್ಲುತ್ತದೆ ಅಥವಾ ಡಿಸ್ಕೇ ಇಲ್ಲ ಎನ್ನುತ್ತದೆ. ಕೇಬಲ್ ಸೆಲೆಕ್ಟ್ (ಯಾರು ಮಾಸ್ಟರ್ ಎಂದು ಕೇಬಲ್ಲಿನ ಜಾಗವೇ ನಿರ್ಧರಿಸುವ ಆಯ್ಕೆ) ಬಳಸುವುದಾದರೆ ಎರಡೂ ಸಾಧನಗಳನ್ನು ಅದಕ್ಕೇ ಇಡಿ, ಒಂದನ್ನು ಮಾಸ್ಟರ್ ಇನ್ನೊಂದನ್ನು ಕೇಬಲ್ ಸೆಲೆಕ್ಟ್ ಎಂದು ಬೆರೆಸಬೇಡಿ. ಸಿಡಿ ಡ್ರೈವನ್ನು ಸಾಧ್ಯವಾದರೆ ಎರಡನೇ ಚಾನೆಲ್‌ಗೆ ಕಳಿಸಿ. ಒಂದೇ ಕೇಬಲ್ಲಿನ ಮೇಲೆ ಎರಡು ಕಂಪನಿಯ ಹಳೆಯ ಸಾಧನಗಳು ಜಗಳವಾಡುವುದು ಅಪರೂಪವೇನಲ್ಲ.

ತಣ್ಣಗಿದ್ದಾಗ ಡಿಸ್ಕು ಕಾಣುವುದಿಲ್ಲ, ಮೂರು ಬೆರಳಿನ (ಕಂಟ್ರೋಲ್, ಆಲ್ಟ್, ಡಿಲೀಟ್) ರೀಬೂಟ್ ಕೊಟ್ಟರೆ ಕಾಣುತ್ತದೆ ಎಂದಾದರೆ ಡಿಸ್ಕು ಪೂರ್ತಿ ವೇಗಕ್ಕೆ ಬರುವ ಮೊದಲೇ ಬಯಾಸ್ ಅದನ್ನು ಕರೆದಿದೆ. ಬಯಾಸ್‌ನಲ್ಲಿ ‘ಕ್ವಿಕ್ ಬೂಟ್’ ತೆಗೆಯಿರಿ. ಮೆಮೊರಿ ಎಣಿಸುವ ಕೆಲವು ಸೆಕೆಂಡು ಡಿಸ್ಕಿಗೆ ಸಿಗುತ್ತದೆ. ಐಡಿಇ ವಿಳಂಬ ಎಂಬ ಆಯ್ಕೆ ಇದ್ದರೆ ಅದನ್ನೂ ಹೆಚ್ಚಿಸಿ. ಹಾಗೆ ಮಾಡಿದರೂ ಟಿಕ್ ಎಂದು ಮತ್ತೆ ಮತ್ತೆ ಶುರು ಮಾಡುತ್ತಿದ್ದರೆ ಪವರ್ ಸಪ್ಲೈ ಬದಲಿಸಿ ನೋಡಿ. ಡಿಸ್ಕು ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಹೆಚ್ಚು, ಕೆಪಾಸಿಟರ್ ಉಬ್ಬಿದ ಹಳೆಯ ಸಪ್ಲೈ ಅಲ್ಲೇ ಕೈಚೆಲ್ಲುತ್ತದೆ. ಯುಎಸ್‌ಬಿ ಅಡಾಪ್ಟರ್ ಜತೆ ಬರುವ ಚಿಕ್ಕ ಸಪ್ಲೈಗೂ ಇದೇ ಕಾಯಿಲೆ.

ಇದೇ ಕಾಲದ ಬೋರ್ಡಿಗೆ ಸಾಟಾ ಡಿಸ್ಕು ಹಾಕಹೊರಟವರಿಗೆ ಒಂದು ಮಾತು. ವಿಯಾ ಕಂಪನಿಯ ವಿಟಿ8237ರಂಥ ಮೊದಲ ಪೀಳಿಗೆಯ ಸಾಟಾ ಚಿಪ್‌ಗಳು 3 ಗಿಗಾಬಿಟ್ ವೇಗದ ಡಿಸ್ಕನ್ನು ಗುರುತಿಸುವುದೇ ಇಲ್ಲ. ಡಿಸ್ಕಿನಲ್ಲಿ 1.5 ಗಿಗಾಬಿಟ್‌ಗೆ ಇಳಿಸುವ ಜಂಪರ್ ಇದ್ದರೆ ಹಾಕಿ, ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು 5 ಮತ್ತು 6ನೇ ಪಿನ್. ಜಂಪರ್ ಇಲ್ಲದಿದ್ದರೆ ಆ ಡಿಸ್ಕು ಆ ಬೋರ್ಡಿಗೆ ಅಲ್ಲ.

ಡಿಸ್ಕಿಗೆ ಜೀವ ಇದೆಯೇ

ಇನ್‌ಸ್ಟಾಲ್‌ಗೆ ಮೊದಲೇ ಡಿಸ್ಕನ್ನು ಚಾಲೂ ಇರುವ ಒಂದು ಲಿನಕ್ಸ್ ಅಥವಾ ಬಿಎಸ್‌ಡಿ ಯಂತ್ರಕ್ಕೆ ಹಾಕಿ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು, ಓದಿ. ‘ಸ್ಮಾರ್ಟ್‌ಸಿಟಿಎಲ್ -ಎ’ ಸಾಕು. ಯುಎಸ್‌ಬಿ ಅಡಾಪ್ಟರ್ ಮೂಲಕವಾದರೆ ಕೆಲವು ಅಡಾಪ್ಟರ್‌ಗಳು ಈ ಮಾಹಿತಿಯನ್ನು ದಾಟಿಸುವುದಿಲ್ಲ, ಆಗ ನೇರ ಐಡಿಇ ಕೇಬಲ್ಲಿಗೇ ಹಾಕಬೇಕು. ನೆಟ್‌ಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ‘ಎಟಿಎಸಿಟಿಎಲ್ ಡಬ್ಲ್ಯುಡಿ0 ಸ್ಮಾರ್ಟ್ ಎನೇಬಲ್’, ಆಮೇಲೆ ‘ಎಟಿಎಸಿಟಿಎಲ್ ಡಬ್ಲ್ಯುಡಿ0 ಸ್ಮಾರ್ಟ್ ಸ್ಟೇಟಸ್’. ಡಬ್ಲ್ಯುಡಿ0 ಎಂದರೆ ಮೊದಲ ಐಡಿಇ ಡಿಸ್ಕು. ‘ಪಾಸ್ಡ್’ ಎಂದು ಬರುವ ಒಟ್ಟು ತೀರ್ಪನ್ನು ನಂಬಬೇಡಿ, ಸಾಯುವ ಹಿಂದಿನ ದಿನವೂ ಅದು ಪಾಸೇ. ನೋಡಬೇಕಾದ್ದು ಕೊನೆಯ ಕಾಲಮ್ಮಿನ ಕಚ್ಚಾ ಅಂಕಿ, ಅದೂ ಕೆಲವೇ ಸಾಲುಗಳಲ್ಲಿ.

5 ಎಂಬ ಸಂಖ್ಯೆಯ ಸಾಲು, ಈಗಾಗಲೇ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು (ಡಿಸ್ಕಿನ 512 ಬೈಟಿನ ತುಣುಕುಗಳು). ಹತ್ತಿಪ್ಪತ್ತು ಇದ್ದು ಹಾಗೇ ನಿಂತಿದ್ದರೆ ಬಳಸಬಹುದು. ಒಂದು ವಾರದಲ್ಲಿ ಏರಿದರೆ ಬಿಡಿ. 197, ಓದಲಾಗದೆ ಸರದಿಯಲ್ಲಿ ನಿಂತ ಸೆಕ್ಟರ್‌ಗಳು. ಇದು ಸೊನ್ನೆಯಲ್ಲದಿದ್ದರೆ ಇನ್‌ಸ್ಟಾಲ್ ಮಾಡುವ ಮೊದಲು ಡಿಸ್ಕಿಗೆ ಪೂರ್ತಿ ಸೊನ್ನೆ ಬರೆಯಬೇಕು. ಡಿಸ್ಕು ಅಂಥ ಸೆಕ್ಟರನ್ನು ಓದುವಾಗ ಬದಲಿಸುವುದಿಲ್ಲ, ಹಳೆಯ ಮಾಹಿತಿ ಯಾವತ್ತಾದರೂ ಸಿಕ್ಕೀತೆಂದು ಕಾದಿಡುತ್ತದೆ. ಅದರ ಮೇಲೆ ಬರೆದಾಗ ಮಾತ್ರ ಆ ಜಾಗ ಸರಿಯಿದೆಯೋ ಇಲ್ಲವೋ ನೋಡಿ ಬೇಕಾದರೆ ಬದಲಿ ಕೊಡುತ್ತದೆ. ಬರೆದ ಮೇಲೆ 197 ಸೊನ್ನೆಗೆ ಇಳಿದು 5 ಸ್ವಲ್ಪ ಏರಿದ್ದರೆ ಅಥವಾ ಏರದೇ ಇದ್ದರೆ ಡಿಸ್ಕು ಇನ್ನಷ್ಟು ದಿನ ನಡೆಯುತ್ತದೆ. 197 ಇಳಿಯದಿದ್ದರೆ ಅಥವಾ 10, ಅಂದರೆ ತಿರುಗಲು ಪದೇಪದೇ ಯತ್ನಿಸಿದ ಲೆಕ್ಕ, ಏರುತ್ತಿದ್ದರೆ ಅದನ್ನು ಗುಜರಿಗೆ ಹಾಕಿ. 199 ಮಾತ್ರ ಬೇರೆ ಕಥೆ: ಅದು ಕೇಬಲ್ಲಿನ ಮೇಲೆ ಸಾಗುವಾಗ ಕೆಟ್ಟ ಮಾಹಿತಿಯ ಲೆಕ್ಕ. ಅದರ ಅಂಕಿ ಇಳಿಯುವುದಿಲ್ಲ, ಹಿಂದಿನ ಮಾಲೀಕರ ಕೆಟ್ಟ ಕೇಬಲ್ಲಿನ ನೆನಪೂ ಅಲ್ಲೇ ಇರುತ್ತದೆ. ಹೊಸ ಕೇಬಲ್ ಹಾಕಿ, ಅಂಕಿ ಬರೆದಿಟ್ಟುಕೊಂಡು, ಕೆಲಸವಾದ ಮೇಲೆ ಏರಿದೆಯೇ ನೋಡಿ. 90ರ ದಶಕದ ಮೊದಲರ್ಧದ ಡಿಸ್ಕುಗಳಲ್ಲಿ ಈ ಯಾವುದೂ ಇಲ್ಲ. ಅವಕ್ಕೆ ಕಿವಿಯೂ, ಡಿಸ್ಕನ್ನು ನೇರ ಓದುವ ಬರೆಯುವ ‘ಡಿಡಿ’ ಆಜ್ಞೆಯೂ ಸಾಕು.

ಪೂರ್ತಿ ಓದಿ ನೋಡಲು ಇನ್‌ಸ್ಟಾಲರಿನ ಯುಟಿಲಿಟಿ ಮೆನುವಿನಿಂದ ಶೆಲ್ ತೆರೆದು ‘ಡಿಡಿ ಐಎಫ್=/ಡೆವ್/ಆರ್‌ಡಬ್ಲ್ಯುಡಿ0ಡಿ ಒಎಫ್=/ಡೆವ್/ನಲ್ ಬಿಎಸ್=64ಕೆ’ ಎನ್ನಿ. ಕಂಟ್ರೋಲ್ ಮತ್ತು ಟಿ ಒತ್ತಿದಾಗಲೆಲ್ಲ ಎಷ್ಟು ಓದಿದೆ, ಯಾವ ವೇಗ ಎಂದು ಹೇಳುತ್ತದೆ. ಕೊನೆಯ ‘ಡಿ’ ಅಕ್ಷರ ಮುಖ್ಯ: ನೆಟ್‌ಬಿಎಸ್‌ಡಿ ಐ386ರಲ್ಲಿ ಇಡೀ ಡಿಸ್ಕು ಎಂದರೆ ‘ಡಿ’ ವಿಭಾಗ, ‘ಸಿ’ ಎಂದರೆ ನೆಟ್‌ಬಿಎಸ್‌ಡಿಗೆ ಕೊಟ್ಟ ಭಾಗ ಮಾತ್ರ. ಓಪನ್‌ಬಿಎಸ್‌ಡಿಯಲ್ಲಿ ‘ಸಿ’ಯೇ ಇಡೀ ಡಿಸ್ಕು. ಒಂದರ ಅಭ್ಯಾಸದಲ್ಲಿ ಇನ್ನೊಂದರಲ್ಲಿ ಸೊನ್ನೆ ಬರೆದರೆ ತಪ್ಪು ಜಾಗ ಅಳಿಯುತ್ತದೆ, ಇಲ್ಲವೇ ಅಳಿಯಬೇಕಾದ್ದು ಉಳಿಯುತ್ತದೆ.

ಇಲ್ಲಿ ಕಾಣುವ ವೇಗವೇ ಒಂದು ರೋಗಲಕ್ಷಣ. 80 ಜಿಬಿ ಡಿಸ್ಕು ಸೆಕೆಂಡಿಗೆ 40 ಎಂಬಿಯಂತೆ ಓದಿದರೆ ಸುಮಾರು 33 ನಿಮಿಷದಲ್ಲಿ ಮುಗಿಯುತ್ತದೆ. ಸೆಕೆಂಡಿಗೆ 4 ಎಂಬಿ ಎಂದು ತೋರಿಸಿ ಐದೂವರೆ ಗಂಟೆ ಬೇಕು ಎನ್ನುತ್ತಿದ್ದರೆ ಡಿಎಂಎ ನಡೆಯುತ್ತಿಲ್ಲ, ಪ್ರೊಸೆಸರೇ ಒಂದೊಂದು ಪದವನ್ನೂ ಹೊತ್ತು ಸಾಗಿಸುತ್ತಿದೆ. ಉದ್ದಕ್ಕೂ ಚೆನ್ನಾಗಿ ಓಡಿ ಒಂದೇ ಕಡೆ ಹತ್ತಾರು ಸೆಕೆಂಡು ನಿಂತರೆ ಅಲ್ಲಿ ಮೇಲ್ಮೈ ಕೆಟ್ಟಿದೆ. ಒಳಭಾಗದ ಟ್ರ್ಯಾಕುಗಳಿಗೆ ಬಂದಂತೆ ವೇಗ ಅರ್ಧದ ಹತ್ತಿರಕ್ಕೆ ಇಳಿಯುವುದು ಮಾತ್ರ ಸಹಜ, ಅದಕ್ಕೆ ಹೆದರಬೇಡಿ.

ಗಾತ್ರದ ಗೋಡೆಗಳು

ಕರ್ನಲ್ ಶುರುವಾಗುವಾಗ ‘ಡಬ್ಲ್ಯುಡಿ0’ ಎಂದು ಬರುವ ಸಾಲುಗಳನ್ನು ಬರೆದಿಟ್ಟುಕೊಳ್ಳಿ. 80 ಜಿಬಿ ಡಿಸ್ಕಿಗೆ 76319 ಎಂಬಿ, 156301488 ಸೆಕ್ಟರ್ ಎಂದು ಬರಬೇಕು. 160 ಜಿಬಿಗೆ 312581808. ಚೀಟಿಯ ಮೇಲೆ ಕಂಪನಿಯೇ ಅಚ್ಚು ಹಾಕಿದ ಸೆಕ್ಟರ್ ಸಂಖ್ಯೆ ಇದ್ದರೆ ಅದರೊಂದಿಗೆ ಹೋಲಿಸಿ.

80 ಜಿಬಿಯ ಡಿಸ್ಕು 66055248 ಸೆಕ್ಟರ್, ಅಂದರೆ 33.8 ಜಿಬಿ ಎಂದು ಕಂಡರೆ ಅದು ಕೆಟ್ಟಿಲ್ಲ. 65535 ಸಿಲಿಂಡರ್ (ಡಿಸ್ಕಿನ ಟ್ರ್ಯಾಕುಗಳ ಹಳೆಯ ಲೆಕ್ಕ) ದಾಟಿದ ಡಿಸ್ಕು ಕಂಡರೆ ಸ್ತಬ್ಧವಾಗುತ್ತಿದ್ದ ಹಳೆಯ ಬಯಾಸ್‌ಗಳಿಗಾಗಿ ಡಿಸ್ಕಿನಲ್ಲೇ ಗಾತ್ರ ಕುಗ್ಗಿಸುವ ಜಂಪರ್ ಕೊಡುತ್ತಿದ್ದರು, ಅದನ್ನು ಯಾರೋ ಹಾಕಿದ್ದಾರೆ. ತೆಗೆಯಿರಿ. ತೆಗೆದ ಮೇಲೆ ಬಯಾಸ್ ಸ್ತಬ್ಧವಾದರೆ ಎರಡು ದಾರಿ: ಬಯಾಸ್‌ನಲ್ಲಿ ಆ ಡಿಸ್ಕಿನ ಜಾಗಕ್ಕೆ ‘ನನ್’ (ಏನೂ ಇಲ್ಲ) ಎಂದಿಟ್ಟು ಬೇರೆ ಚಿಕ್ಕ ಡಿಸ್ಕಿನಿಂದ ಬೂಟ್ ಮಾಡುವುದು, ಅಥವಾ ಜಂಪರ್ ಇಟ್ಟುಕೊಂಡೇ 33.8 ಜಿಬಿಯಲ್ಲಿ ತೃಪ್ತಿಪಡುವುದು. ಹಳೆಯ ಯಂತ್ರಕ್ಕೆ 33 ಜಿಬಿ ಕಡಿಮೆಯೇನಲ್ಲ.

ಉಳಿದ ಗೋಡೆಗಳು ಬಯಾಸ್‌ನವು. 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಲೆಕ್ಕದ ಮೊದಲ ಗೋಡೆ 528 ಎಂಬಿ ಹತ್ತಿರ, ಅಂದರೆ 1032192 ಸೆಕ್ಟರ್. 486 ಕಾಲದ ಬೋರ್ಡುಗಳಲ್ಲಿ ಇದು ಸಿಗುತ್ತದೆ. ಹೆಡ್ ಲೆಕ್ಕವನ್ನು 255ಕ್ಕೆ ಹಿಗ್ಗಿಸಿದಾಗ ಬರುವ ಎರಡನೇ ಗೋಡೆ 8.4 ಜಿಬಿ, 16450560 ಸೆಕ್ಟರ್. 90ರ ದಶಕದ ಕೊನೆಯವರೆಗಿನ ಯಂತ್ರಗಳಲ್ಲಿ ಸಾಮಾನ್ಯ. 28 ಬಿಟ್ ವಿಳಾಸದ ಗೋಡೆ 137 ಜಿಬಿ, 268435456 ಸೆಕ್ಟರ್. ಕರ್ನಲ್‌ಗೆ ಮೊದಲ ಎರಡು ಲೆಕ್ಕಕ್ಕೇ ಇಲ್ಲ. ಮೂರನೆಯದೂ, ಡಿಸ್ಕು ಮತ್ತು ಕಂಟ್ರೋಲರ್ ಎಲ್‌ಬಿಎ48 (48 ಬಿಟ್‌ನ ಸೆಕ್ಟರ್ ವಿಳಾಸ) ಬಲ್ಲವಾದರೆ, ಲೆಕ್ಕಕ್ಕಿಲ್ಲ. ಆದರೆ ಬೂಟ್ ಕೋಡ್ ಡಿಸ್ಕನ್ನು ಓದುವುದು ಬಯಾಸ್ ಮೂಲಕ. ಹಾಗಾಗಿ ರೂಟ್ ವಿಭಾಗ (ಕರ್ನಲ್ ಇರುವ ಮುಖ್ಯ ವಿಭಾಗ) ಪೂರ್ತಿಯಾಗಿ ಗೋಡೆಯ ಈಚೆಗೇ ಇರಬೇಕು.

‘ಪೂರ್ತಿಯಾಗಿ’ ಎಂದದ್ದಕ್ಕೆ ಕಾರಣ ಇದೆ. ಎಫ್‌ಎಫ್‌ಎಸ್ ಫೈಲ್ ವ್ಯವಸ್ಥೆ ಒಂದು ಫೈಲನ್ನು ವಿಭಾಗದ ಯಾವ ಮೂಲೆಯಲ್ಲಾದರೂ ಇಡಬಹುದು. 8.4 ಜಿಬಿ ಗೋಡೆಯ ಯಂತ್ರದಲ್ಲಿ 40 ಜಿಬಿಯ ಒಂದೇ ರೂಟ್ ಮಾಡಿದರೆ ಮೊದಲ ದಿನ ಕರ್ನಲ್ ಮುಂಭಾಗದಲ್ಲೇ ಕೂತು ಬೂಟ್ ಆಗುತ್ತದೆ. ತಿಂಗಳುಗಟ್ಟಲೆ ಆಗುತ್ತಲೂ ಇರುತ್ತದೆ. ಒಂದು ದಿನ ಹೊಸ ಕರ್ನಲ್ ಹಾಕಿದಾಗ ಅದು ಗೋಡೆಯ ಆಚೆ ಹೋಗಿ ಕೂರುತ್ತದೆ, ಆವತ್ತೇ ಯಂತ್ರ ಏಳುವುದಿಲ್ಲ. ಹೊಸ ಕರ್ನಲ್ ಕೆಟ್ಟಿದೆ ಎಂದು ಎಲ್ಲರೂ ಅದನ್ನೇ ದೂರುತ್ತಾರೆ.

ಬಯಾಸ್‌ನಲ್ಲಿ ಡಿಸ್ಕಿನ ಬಗೆಯನ್ನು ‘ಎಲ್‌ಬಿಎ’ (ಸೆಕ್ಟರುಗಳನ್ನು ಸಾಲಾಗಿ ಎಣಿಸುವ ಕ್ರಮ) ಅಥವಾ ‘ಆಟೋ’ಗೆ ಇಡಿ. ‘ನಾರ್ಮಲ್’, ‘ಲಾರ್ಜ್’ ಬೇಡ. ಒಂದು ಕ್ರಮದಲ್ಲಿ ವಿಭಾಗ ಮಾಡಿದ ಡಿಸ್ಕನ್ನು ಇನ್ನೊಂದು ಕ್ರಮದಲ್ಲಿ ಬೂಟ್ ಮಾಡಹೋದರೆ ಸಿಲಿಂಡರ್, ಹೆಡ್ ಲೆಕ್ಕ ತಾಳೆಯಾಗುವುದಿಲ್ಲ.

ಇನ್ನೊಂದು ಮರೆಮಾಚಿದ ಜಾಗ ಎಚ್‌ಪಿಎ. ಲ್ಯಾಪ್‌ಟಾಪ್ ಡಿಸ್ಕುಗಳ ಕೊನೆಯಲ್ಲಿ ಮರುಸ್ಥಾಪನೆಯ ಪ್ರತಿಯನ್ನು ಬಚ್ಚಿಡಲು ಇದನ್ನು ಬಳಸುತ್ತಿದ್ದರು, ಕೆಲವು ಬೋರ್ಡುಗಳ ಬಯಾಸ್ ತನ್ನದೇ ಪ್ರತಿಯನ್ನೂ ಹೇಳದೆ ಕೇಳದೆ ಅಲ್ಲಿ ಬರೆಯುತ್ತಿತ್ತು. ಡಿಸ್ಕು ಚೀಟಿಯಲ್ಲಿರುವುದಕ್ಕಿಂತ ಒಂದು ಎಂಬಿ ಅಥವಾ ಕೆಲವು ಜಿಬಿ ಚಿಕ್ಕದಾಗಿ ಕಂಡರೆ, ಲಿನಕ್ಸ್ ಯಂತ್ರದಲ್ಲಿ ‘ಎಚ್‌ಡಿಪಾರ್ಮ್’ಗೆ ದೊಡ್ಡಕ್ಷರದ ‘-ಎನ್’ ಆಯ್ಕೆ ಕೊಟ್ಟು ನೋಡಿ. ಈಗಿನ ಗಾತ್ರ, ನಿಜವಾದ ಗಾತ್ರ ಎರಡೂ ಬರುತ್ತವೆ. ಲ್ಯಾಪ್‌ಟಾಪಿನಿಂದ ಕಿತ್ತ ಡಿಸ್ಕು ಗಾತ್ರ ಸರಿಯಾಗಿ ಹೇಳಿಯೂ ಮೊದಲ ಸೆಕ್ಟರನ್ನೇ ಓದಲು ಬಿಡದಿದ್ದರೆ ಅದಕ್ಕೆ ಪಾಸ್‌ವರ್ಡ್ ಬಿದ್ದಿದೆ, ‘ಎಟಿಎಸಿಟಿಎಲ್ ಡಬ್ಲ್ಯುಡಿ0 ಸೆಕ್ಯುರಿಟಿ ಸ್ಟೇಟಸ್’ ಹೇಳುತ್ತದೆ. ಸೊನ್ನೆ ಬರೆದು ಅದನ್ನು ದಾಟಲಾಗದು.

ಹಳೆಯ ಗುರುತುಗಳನ್ನು ಅಳಿಸುವುದು

ಹಳೆಯ ಡಿಸ್ಕಿಗೆ ಹಿಂದಿನ ಜನ್ಮಗಳಿರುತ್ತವೆ. ಎಂದೋ ಜಿಪಿಟಿ (ಹೊಸ ಬಗೆಯ ವಿಭಾಗದ ಪಟ್ಟಿ) ವಿಭಾಗ ಮಾಡಿದ್ದರೆ ಅದರ ಎರಡನೇ ಪ್ರತಿ ಡಿಸ್ಕಿನ ಕಟ್ಟಕಡೆಯ ಸೆಕ್ಟರಿನಲ್ಲಿರುತ್ತದೆ. ಲಿನಕ್ಸಿನ ಸಾಫ್ಟ್‌ವೇರ್ ರೈಡ್‌ನ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ಏರ್ಪಾಡು) ಕೆಲವು ಆವೃತ್ತಿಗಳೂ ತಮ್ಮ ಗುರುತನ್ನು ಕೊನೆಯಲ್ಲೇ ಇಡುತ್ತವೆ. ಮೊದಲ ಸೆಕ್ಟರನ್ನಷ್ಟೇ ಒರೆಸಿದರೆ ಇವು ಉಳಿಯುತ್ತವೆ, ಇನ್‌ಸ್ಟಾಲರ್ ಇಲ್ಲದ ವಿಭಾಗಗಳನ್ನು ತೋರಿಸುತ್ತದೆ ಅಥವಾ ಡಿಸ್ಕು ಬಳಕೆಯಲ್ಲಿದೆ ಎನ್ನುತ್ತದೆ. ಜಿಪಿಟಿ ಮಾತ್ರವಾದರೆ ‘ಜಿಪಿಟಿ ಡಿಸ್ಟ್ರಾಯ್ ಡಬ್ಲ್ಯುಡಿ0’ ಸಾಕು. ಏನಿದೆಯೋ ಗೊತ್ತಿಲ್ಲದಿದ್ದರೆ ‘ಡಿಡಿ’ಯಿಂದ ಮೊದಲ 1 ಎಂಬಿಗೂ ಕೊನೆಯ 1 ಎಂಬಿಗೂ ಸೊನ್ನೆ ಬರೆಯಿರಿ. ಕೊನೆಗೆ ಬರೆಯಲು ಒಟ್ಟು ಸೆಕ್ಟರ್‌ನಿಂದ 2048 ಕಳೆದು ಬಂದದ್ದನ್ನು ‘ಸೀಕ್’ಗೆ ಕೊಡಿ, ‘ಬಿಎಸ್’ 512, ‘ಕೌಂಟ್’ 2048. ಮೇಲಿನ 80 ಜಿಬಿ ಡಿಸ್ಕಿಗೆ ಸೀಕ್ 156299440. 197ನೇ ಸಾಲಿಗಾಗಿ ಹೇಗೂ ಪೂರ್ತಿ ಸೊನ್ನೆ ಬರೆದಿದ್ದರೆ ಈ ಹೆಜ್ಜೆ ಬೇಡ.

ವಿಭಾಗ ಮಾಡುವಾಗ

ಇಂಥ ಯಂತ್ರದಲ್ಲಿ ಎಂಬಿಆರ್ (ಮೊದಲ ಸೆಕ್ಟರಿನಲ್ಲಿರುವ ಬೂಟ್ ಕೋಡ್ ಮತ್ತು ಹಳೆಯ ಬಗೆಯ ವಿಭಾಗದ ಪಟ್ಟಿ) ಆಯ್ಕೆಯೇ ಸರಿ, ಜಿಪಿಟಿ ಬೇಡ. ನೆಟ್‌ಬಿಎಸ್‌ಡಿ ವಿಭಾಗದ ಬಗೆ ಸಂಖ್ಯೆ 169. ಓಪನ್‌ಬಿಎಸ್‌ಡಿಗೆ 166, ಫ್ರೀಬಿಎಸ್‌ಡಿಗೆ 165. ಬೇರೆ ಬಿಎಸ್‌ಡಿಯ ಡಿಸ್ಕನ್ನು ಮರುಬಳಸುವಾಗ ಹಳೆಯ ಸಂಖ್ಯೆ ಉಳಿದರೆ ಬೂಟ್ ಕೋಡ್ ತಬ್ಬಿಬ್ಬಾಗುತ್ತದೆ. ವಿಭಾಗ ಸಕ್ರಿಯ ಎಂದು ಗುರುತಾಗಿರಲಿ. ಶುರು 63ನೇ ಸೆಕ್ಟರಿನಿಂದಲೋ 2048ರಿಂದಲೋ ಎಂಬ ಚರ್ಚೆ 512 ಬೈಟ್ ಸೆಕ್ಟರಿನ ನಿಜವಾದ ಹಳೆಯ ಡಿಸ್ಕಿಗೆ ಅಪ್ರಸ್ತುತ. ಐಡಿಇ ಅಡಾಪ್ಟರಿನಲ್ಲಿ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು ಕೂರಿಸಿದ್ದರೆ ಅಥವಾ ಡಿಸ್ಕು 2010ರ ಆಚೀಚಿನ 4 ಕೆಬಿ ಸೆಕ್ಟರಿನದಾಗಿದ್ದರೆ 2048 ಎಂದೇ ಇಡಿ.

8.4 ಜಿಬಿ ಗೋಡೆಯ ಯಂತ್ರಕ್ಕೆ 80 ಜಿಬಿ ಡಿಸ್ಕಾದರೆ ಒಪ್ಪುವ ಹಂಚಿಕೆ: ‘ಎ’ ರೂಟ್ 4 ಜಿಬಿ, ‘ಬಿ’ ಸ್ವಾಪ್ 512 ಎಂಬಿ, ಉಳಿದದ್ದೆಲ್ಲ ‘ಇ’ ಎಂದು /ಹೋಮ್‌ಗೆ. ಪ್ಯಾಕೇಜುಗಳು ಹೆಚ್ಚಿದ್ದರೆ /ಯುಎಸ್‌ಆರ್/ಪಿಕೆಜಿಯನ್ನೂ ಆಚೆ ಕಳಿಸಬಹುದು, ಬೂಟ್‌ಗೆ ಅದು ಬೇಡ. 528 ಎಂಬಿ ಗೋಡೆಯ ಯಂತ್ರದಲ್ಲಿ ರೂಟ್ 400 ಎಂಬಿ ಇಟ್ಟು /ಯುಎಸ್‌ಆರ್, /ವಾರ್ ಎರಡನ್ನೂ ಬೇರೆ ಮಾಡಬೇಕು. ಡಿಸ್ಕಿನ ಒಂದು ಭಾಗ ಮಾತ್ರ ಕೆಟ್ಟಿದ್ದು ಹೇಗಾದರೂ ಬಳಸಲೇಬೇಕು ಎಂದಾದರೆ, ದೋಷದ ಸಾಲಿನಲ್ಲಿ ಬರುವ ಬ್ಲಾಕ್ ಸಂಖ್ಯೆಯ ಎರಡೂ ಕಡೆ ಒಂದೊಂದು ಜಿಬಿ ಬಿಟ್ಟು ಆ ಜಾಗ ಯಾವ ವಿಭಾಗಕ್ಕೂ ಸೇರದಂತೆ ಮಾಡಿ. ಬೇಕಾದ ಕಡತ ಇಡುವ ಯಂತ್ರಕ್ಕೆ ಈ ಉಪಾಯ ಸಲ್ಲದು.

ಇನ್‌ಸ್ಟಾಲ್ ನಡುವೆ ನಿಂತರೆ

ಇನ್‌ಸ್ಟಾಲರ್ ಸೆಟ್‌ಗಳನ್ನು (ವ್ಯವಸ್ಥೆಯ ಫೈಲುಗಳ ಕಟ್ಟುಗಳನ್ನು) ಬಿಚ್ಚುವಾಗ ಸಿಆರ್‌ಸಿ, ಅಂದರೆ ತಾಳೆ ಲೆಕ್ಕದ, ದೋಷ ಬಂದರೆ ಯಾವ ಫೈಲಿನಲ್ಲಿ ಎಂದು ಬರೆದುಕೊಂಡು ಇನ್ನೊಮ್ಮೆ ಓಡಿಸಿ. ಎರಡೂ ಸಲ ಒಂದೇ ಕಡೆ ಬಂದರೆ ಸಿಡಿಯೋ ಡೌನ್‌ಲೋಡೋ ಕೆಟ್ಟಿದೆ, ಇಲ್ಲವೇ ಡಿಸ್ಕಿನ ಅದೇ ಸೆಕ್ಟರ್. ಪ್ರತಿ ಸಲ ಬೇರೆ ಬೇರೆ ಕಡೆ ಬಂದರೆ ಡಿಸ್ಕನ್ನು ಬಿಡಿ, ಮೆಮೊರಿ ಮತ್ತು ಕೇಬಲ್ ನೋಡಿ. ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಡುವುದು ದಂಡವಲ್ಲ.

ಪರದೆಯಲ್ಲಿ ‘ಲಾಸ್ಟ್ ಇಂಟರಪ್ಟ್’ ಎಂದು ಸಾಲುಸಾಲಾಗಿ ಬರುವುದು ಬೇರೆ ಬಗೆಯದು. ಡಿಸ್ಕಿಗೆ ಕೆಲಸ ಕೊಟ್ಟು ‘ಮುಗಿಯಿತು’ ಎಂಬ ಕರೆಗೆ ಕಾದ ಕರ್ನಲ್‌ಗೆ ಆ ಕರೆ ಬಂದಿಲ್ಲ. ಮೊದಲ ಅನುಮಾನ ಹಳೆಯ ಬೋರ್ಡಿನ ಎಸಿಪಿಐ ಪಟ್ಟಿಗಳ (ಯಂತ್ರದ ಸಾಧನಗಳ ಬಗ್ಗೆ ಬಯಾಸ್ ಕರ್ನಲ್‌ಗೆ ಕೊಡುವ ವಿವರ) ಮೇಲೆ. ಬೂಟ್ ಮೆನುವಿನಲ್ಲಿ ‘ನೋ ಎಸಿಪಿಐ’ ಆಯ್ಕೆ ಇದೆ; ಬೂಟ್ ಪ್ರಾಂಪ್ಟಿನಿಂದಾದರೆ ‘ಬೂಟ್ -2’. ಅದರಿಂದ ಸರಿಹೋದರೆ ಇನ್‌ಸ್ಟಾಲ್ ಆದ ಮೇಲೆ /ಬೂಟ್.ಸಿಎಫ್‌ಜಿ ಫೈಲಿನಲ್ಲೂ ಅದನ್ನೇ ಬರೆದಿಡಿ, ಇಲ್ಲವಾದರೆ ಮೊದಲ ರೀಬೂಟಿನಲ್ಲೇ ಮತ್ತೆ ಶುರುವಾಗುತ್ತದೆ. ಸರಿಹೋಗದಿದ್ದರೆ ಕೇಬಲ್, ಜಂಪರ್‌ಗೆ ಮರಳಿ.

‘ಟ್ರಾನ್ಸ್‌ಫರ್ ಎರರ್, ಡೌನ್‌ಗ್ರೇಡಿಂಗ್ ಟು ಅಲ್ಟ್ರಾ-ಡಿಎಂಎ ಮೋಡ್ 2’ ಎಂದು ಒಮ್ಮೆ ಬಂದು ಸುಮ್ಮನಾದರೆ ಕರ್ನಲ್ ತಾನೇ ವೇಗ ಇಳಿಸಿಕೊಂಡಿದೆ. 40 ತಂತಿಯ ಕೇಬಲ್ಲೇ ಗತಿಯಾಗಿದ್ದರೆ ಹಾಗೇ ಬಿಡಿ, ಆ ಕಾಲದ ಡಿಸ್ಕಿಗೆ 33 ಎಂಬಿ ದೊಡ್ಡ ನಷ್ಟವಲ್ಲ. ಇಳಿಸಿದ ಮೇಲೂ ದೋಷ ನಿಲ್ಲದೆ ಬಂದರೆ ವೇಗವನ್ನು ನೀವೇ ಕಟ್ಟಿಹಾಕಬಹುದು. ‘ಬೂಟ್ -ಸಿ’ ಎಂದರೆ ‘ಯುಸಿ’ ಎಂಬ ಪ್ರಾಂಪ್ಟ್ ಸಿಗುತ್ತದೆ. ಅಲ್ಲಿ ‘ಫೈಂಡ್ ಡಬ್ಲ್ಯುಡಿ’ ಎಂದು ಸಂಖ್ಯೆ ತಿಳಿದು, ‘ಚೇಂಜ್’ ಜತೆ ಆ ಸಂಖ್ಯೆ ಕೊಟ್ಟು, ಫ್ಲ್ಯಾಗ್ಸ್ ಕೇಳಿದರೆ 0ಎಕ್ಸ್0ಎಫ್‌ಎಸಿ ಎಂದು ಕೊಡಿ, ‘ಕ್ವಿಟ್’ ಎನ್ನಿ. ಈ ಅಂಕಿಯನ್ನು ಬಲದಿಂದ ಓದಬೇಕು. ಸಿ ಎಂದರೆ ಪಿಐಒ (ಪ್ರೊಸೆಸರೇ ಮಾಹಿತಿ ಸಾಗಿಸುವ ಕ್ರಮ) ಮೋಡ್ 4, ಎ ಎಂದರೆ ಡಿಎಂಎ ಮೋಡ್ 2, ಎಫ್ ಎಂದರೆ ಅಲ್ಟ್ರಾ ಡಿಎಂಎ ಬೇಡ. ಪ್ರತಿ ಅಂಕಿಯಲ್ಲಿ ಮೇಲಿನ ಬಿಟ್ ‘ಇದನ್ನು ಪಾಲಿಸು’ ಎಂಬ ಗುರುತು, ಉಳಿದ ಮೂರು ಬಿಟ್ ಮೋಡ್ ಸಂಖ್ಯೆ. 4ಕ್ಕೆ 8 ಕೂಡಿದರೆ 12, ಅಂದರೆ ಸಿ. ಡಿಎಂಎಯೇ ಬೇಡವೆಂದರೆ 0ಎಕ್ಸ್0ಎಫ್‌ಎಫ್‌ಸಿ. ಆಗ ಡಿಸ್ಕು ಆಮೆಯಾಗುತ್ತದೆ, ಆದರೆ ತೊಂದರೆ ಡಿಎಂಎಯದೋ ಅಲ್ಲವೋ ಎಂದು ಒಂದೇ ಸಲಕ್ಕೆ ತೀರ್ಮಾನವಾಗುತ್ತದೆ. ಶಾಶ್ವತವಾಗಿ ಬೇಕಾದರೆ ಕರ್ನಲ್ ಸಂರಚನೆಯ ಡಬ್ಲ್ಯುಡಿ ಸಾಲಿನಲ್ಲಿ ಇದೇ ಫ್ಲ್ಯಾಗ್ಸ್ ಬರೆದು ಮತ್ತೆ ಕಟ್ಟಬೇಕು. ಓಪನ್‌ಬಿಎಸ್‌ಡಿಯ ಡಬ್ಲ್ಯುಡಿ ಡ್ರೈವರಿಗೂ ಈ ಅಂಕಿಗಳ ಅರ್ಥ ಇದೇ.

ಇನ್‌ಸ್ಟಾಲ್ ಮುಗಿದೂ ಏಳದಿದ್ದರೆ

ಈಗ ಡಿಸ್ಕು ಮತ್ತೆ ಬಯಾಸ್ ಕೈಯಲ್ಲಿದೆ. ಪರದೆ ಎಲ್ಲಿ ನಿಂತಿದೆ ಎಂಬುದೇ ಉತ್ತರ. ‘ನೋ ಆಕ್ಟಿವ್ ಪಾರ್ಟಿಶನ್’ ಎಂದರೆ ಎಂಬಿಆರ್ ಓದಿದೆ, ಸಕ್ರಿಯ ಗುರುತಿಲ್ಲ. ‘ಎಫ್‌ಡಿಸ್ಕ್ -ಎ ಡಬ್ಲ್ಯುಡಿ0’ ಎಂದು ಗುರುತು ಹಾಕಿ. ‘ನೋ ಆಪರೇಟಿಂಗ್ ಸಿಸ್ಟಮ್’ ಎಂದರೆ ವಿಭಾಗ ಸಿಕ್ಕಿದೆ, ಅದರ ತಲೆಯಲ್ಲಿ ಬೂಟ್ ಕೋಡ್ ಇಲ್ಲ. ‘ಇನ್‌ವ್ಯಾಲಿಡ್ ಸಿಎಚ್‌ಎಸ್ ರೀಡ್’ ಎಂದರೆ ವಿಭಾಗ ಹಳೆಯ ಲೆಕ್ಕಕ್ಕೆ ಸಿಗದಷ್ಟು ದೂರದಲ್ಲಿದೆ, ಬಯಾಸ್‌ಗೆ ಎಲ್‌ಬಿಎ ಬಾರದು. ವಿಭಾಗವನ್ನು ಮುಂದಕ್ಕೆ ತರದೆ ಬೇರೆ ದಾರಿಯಿಲ್ಲ. ‘ಡಿಸ್ಕ್ ರೀಡ್ ಎರರ್’ ಎಂದರೆ ಓದಲು ಹೋಗಿ ಸೋತಿದೆ, ಬಯಾಸ್‌ನ ಎಲ್‌ಬಿಎ ಆಯ್ಕೆಯನ್ನೂ ಮೊದಲ ಕೆಲವು ಸೆಕ್ಟರುಗಳನ್ನೂ ಪರೀಕ್ಷಿಸಿ. ಈ ಯಾವುದೂ ಬಾರದೆ ಕರ್ಸರ್ ಮಾತ್ರ ಮಿನುಗುತ್ತಿದ್ದರೆ ಎಂಬಿಆರ್ ಕೋಡೇ ಹೋಗಿರಬಹುದು. ‘ಎಫ್‌ಡಿಸ್ಕ್ -ಐ ಡಬ್ಲ್ಯುಡಿ0’ ಅದನ್ನಷ್ಟೇ ಮತ್ತೆ ಬರೆಯುತ್ತದೆ, ವಿಭಾಗದ ಪಟ್ಟಿಯನ್ನು ಮುಟ್ಟುವುದಿಲ್ಲ.

‘ಪ್ರೈಮರಿ ಬೂಟ್‌ಸ್ಟ್ರ್ಯಾಪ್’ ಎಂಬ ಸಾಲು ಬಂದು ಅಲ್ಲೇ ನಿಂತರೆ /ಬೂಟ್ ಎಂಬ ಫೈಲ್ ಸಿಕ್ಕಿಲ್ಲ. ಅದು ಇಲ್ಲದಿರಬಹುದು, ಗೋಡೆಯ ಆಚೆ ಇರಬಹುದು, ಅಥವಾ ಫೈಲ್ ವ್ಯವಸ್ಥೆ ಎಫ್‌ಎಫ್‌ಎಸ್‌ವಿ2 ಆಗಿದ್ದು ಬೂಟ್ ಕೋಡ್ ವಿ1ರದು ಇರಬಹುದು. ಸಿಡಿಯಿಂದ ಬೂಟ್ ಮಾಡಿ ಶೆಲ್ ತೆರೆದು, ಡಬ್ಲ್ಯುಡಿ0ಎ ಅನ್ನು /ಎಂಎನ್‌ಟಿಗೆ ಮೌಂಟ್ ಮಾಡಿ, /ಎಂಎನ್‌ಟಿ/ಯುಎಸ್‌ಆರ್/ಎಂಡೆಕ್/ಬೂಟ್ ಫೈಲನ್ನು /ಎಂಎನ್‌ಟಿ/ಬೂಟ್‌ಗೆ ನಕಲಿಸಿ. ಆಮೇಲೆ ‘ಇನ್‌ಸ್ಟಾಲ್‌ಬೂಟ್ -ವಿ /ಡೆವ್/ಆರ್‌ಡಬ್ಲ್ಯುಡಿ0ಎ’ ಎಂಬುದರ ಮುಂದೆ ಅದೇ ಎಂಡೆಕ್ ಕೋಶದ ಬೂಟ್‌ಎಕ್ಸ್‌ಎಕ್ಸ್_ಎಫ್‌ಎಫ್‌ಎಸ್‌ವಿ2 ಫೈಲಿನ ಹಾದಿ ಕೊಡಿ. /ಯುಎಸ್‌ಆರ್ ಬೇರೆ ವಿಭಾಗವಾಗಿದ್ದರೆ ಅದನ್ನೂ ಮೊದಲೇ ಮೌಂಟ್ ಮಾಡಬೇಕು.

ಕರ್ನಲ್ ಎದ್ದು ‘ರೂಟ್ ಡಿವೈಸ್’ ಎಂದು ಕೇಳುತ್ತ ನಿಂತರೆ ಅಥವಾ ಏಕಬಳಕೆದಾರ ಶೆಲ್‌ಗೆ ಬಿದ್ದರೆ ಡಿಸ್ಕಿನ ಹೆಸರು ಬದಲಾಗಿದೆ. ಯುಎಸ್‌ಬಿ ಅಡಾಪ್ಟರಿನಲ್ಲಿ ಇನ್‌ಸ್ಟಾಲ್ ಮಾಡಿದಾಗ ಅದು ಎಸ್‌ಡಿ0, ಐಡಿಇಗೆ ಹಾಕಿದಾಗ ಡಬ್ಲ್ಯುಡಿ0. ಮೌಂಟ್ ಮಾಡಬೇಕಾದ ವಿಭಾಗಗಳ ಪಟ್ಟಿಯಾದ /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಮಾತ್ರ ಹಳೆಯ ಹೆಸರು. ಪ್ರಾಂಪ್ಟಿಗೆ ಡಬ್ಲ್ಯುಡಿ0ಎ ಎಂದು ಉತ್ತರಿಸಿ ಒಳಹೊಕ್ಕು, ‘ಮೌಂಟ್ -ಯು’ ಜತೆ ಬರೆಯುವ ಅನುಮತಿ ಪಡೆದು, ಎಫ್‌ಎಸ್‌ಟ್ಯಾಬ್‌ನಲ್ಲಿ /ಡೆವ್/ಎಸ್‌ಡಿ0ಎ ಇದ್ದಲ್ಲಿ ‘ರೂಟ್.ಎ’ ಎಂದು ಬರೆಯಿರಿ, ‘ರೂಟ್’ ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಸ್ವಾಪ್‌ಗೆ ‘ರೂಟ್.ಬಿ’, ಉಳಿದ ವಿಭಾಗಗಳಿಗೂ ಹೀಗೇ. ಇನ್ನು ಡಿಸ್ಕು ಯಾವ ಕೇಬಲ್ಲಿಗೆ ಹೋದರೂ ತೊಂದರೆಯಿಲ್ಲ.

ಎದ್ದು ನಿಂತ ಮೇಲೆ ಎರಡು ಸಣ್ಣ ಕೆಲಸ ಉಳಿಯುತ್ತವೆ. ಎಫ್‌ಎಸ್‌ಟ್ಯಾಬ್‌ನ ರೂಟ್ ಮತ್ತು /ಹೋಮ್ ಸಾಲುಗಳಲ್ಲಿ ‘ಆರ್‌ಡಬ್ಲ್ಯು’ ಪಕ್ಕ ‘ಲಾಗ್’ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. 64 ಎಂಬಿ ಮೆಮೊರಿಯ ಯಂತ್ರ ಕರೆಂಟು ಹೋಗಿ ಬಂದಾಗಲೆಲ್ಲ 70 ಜಿಬಿಗೆ ಎಫ್‌ಎಸ್‌ಸಿಕೆ (ಫೈಲ್ ವ್ಯವಸ್ಥೆಯ ತಪಾಸಣೆ) ಮಾಡುತ್ತ ಕೂರುವುದನ್ನು ಇದು ತಪ್ಪಿಸುತ್ತದೆ. ಯುಪಿಎಸ್ ಇಲ್ಲದ ಕಡೆ ಡಿಸ್ಕಿನ ಬರೆಯುವ ಕ್ಯಾಶ್ ಆರಿಸುವುದೂ ವಾಸಿ: ‘ಡಿಕೆಸಿಟಿಎಲ್ ಡಬ್ಲ್ಯುಡಿ0 ಸೆಟ್‌ಕ್ಯಾಶ್ ಆರ್’. ಬರೆಯುವ ವೇಗ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಡಿಸ್ಕು ಈ ಆಯ್ಕೆಯನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ನಂಬುವ ಬದಲು /ಇಟಿಸಿ/ಆರ್‌ಸಿ.ಲೋಕಲ್ ಫೈಲಿಗೆ ಆ ಸಾಲು ಸೇರಿಸಿ, ರೀಬೂಟ್ ಆದ ಮೇಲೆ ‘ಗೆಟ್‌ಕ್ಯಾಶ್’ ಕೊಟ್ಟು ಪರೀಕ್ಷಿಸಿ. ಆಗಲೇ ಸ್ಮಾರ್ಟ್‌ನ 5, 197, 199ನೇ ಸಾಲಿನ ಅಂಕಿಗಳನ್ನು ತಾರೀಕಿನ ಸಮೇತ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ.